ಊಟ ಮುಗಿಯುವಷ್ಟರಲ್ಲಿ

ತಂಗಿಯ ಮಗಳ ಇಂಗ್ಲಿಷ್ ವರ್ಕ್‌ಶೀಟಿನಲ್ಲಿ ‘ಐ ವಿಲ್ ಕಾಲ್ ಯೂ ವೆನ್ ಐ ವಿಲ್ ರೀಚ್’ ಎಂಬುದರಲ್ಲಿ ಎರಡನೆಯ ‘ವಿಲ್’ ಕೆಳಗೆ ಕೆಂಪು ಗೀಟು ಬಿದ್ದಿತ್ತು. ‘ಮಾಮ, ತಲುಪೋದು ನಾಳೆ ಅಲ್ವಾ? ವಿಲ್ ಯಾಕೆ ಬೇಡ?’ ಎಂದಳು. ‘ಐ ವಿಲ್ ಕಾಲ್ ಯೂ’ ಅನ್ನುವಾಗಲೇ ಒಂದು ವಿಲ್ ಬಂತು, ವೆನ್, ಬಿಫೋರ್, ಅಂಟಿಲ್ ಇವುಗಳ ಜೊತೆ ಇನ್ನೊಂದು ಬೇಡ, ‘ವೆನ್ ಐ ರೀಚ್’ ಅಂದರೆ ಸಾಕು ಎಂದೆ. ಅವಳು ಒಪ್ಪಲಿಲ್ಲ. ಬರೆದುಕೊಂಡಳು.

ನನಗೆ ಸಿಟ್ಟು ಬಂದದ್ದು ಉದಾಹರಣೆಗಳ ಮೇಲೆ. ಹಾಳೆ ತುಂಬ ಟಾಮ್ ಎಂಬುವನು ಏರ್‌ಪೋರ್ಟಿಗೆ ಹೋಗುತ್ತಾನೆ. ವಿಮಾನ ಹತ್ತುವ ಮುಂಚೆ ಕಾಫಿ ಕುಡಿಯುತ್ತಾನೆ. ಇಳಿದ ಕೂಡಲೇ ಅಮ್ಮನಿಗೆ ಫೋನ್ ಮಾಡುತ್ತಾನೆ. ಚಿತ್ರದುರ್ಗದಲ್ಲಿ ಕೂತವರಿಗೆ ಈ ಟಾಮ್ ಯಾಕೆ ಬೇಕು? ಓಬವ್ವನ ಕಿಂಡಿ ಇಲ್ಲೇ ಇದೆ. ಆ ಕತೆಯಲ್ಲಿ ನಡೆಯುವುದೆಲ್ಲ ‘ವೈಲ್’ ಮತ್ತು ‘ಬೈ ದ ಟೈಮ್’ ನಡುವೆಯೇ.

ಕಾವಲಿನ ಮುದ್ದಹನುಮ ಊಟಕ್ಕೆ ಮನೆಗೆ ಬಂದ. ಉಣ್ಣುತ್ತಿದ್ದಾಗ ನೀರಿಲ್ಲ ಅಂತ ಗೊತ್ತಾಗಿ ಓಬವ್ವ ಹೊಂಡದ ಕಡೆ ಹೋದಳು. ನೋಡಿದರೆ ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳುತ್ತಿದ್ದಾರೆ. ಉಣ್ಣುವವನನ್ನು ಎಬ್ಬಿಸಬಾರದು ಅಂತ ತಾನೇ ಒನಕೆ ಹಿಡಿದು ನಿಂತಳು. ತಲೆ ಹೊರಗೆ ಹಾಕಿದವನಿಗೆಲ್ಲ ಒಂದೊಂದು ಪೆಟ್ಟು. ಊಟ ಮುಗಿಸಿ ಗಂಡ ಬರುವಷ್ಟರಲ್ಲಿ ಹೆಣಗಳ ರಾಶಿ. ‘ಶಿ ಹ್ಯಾಡ್ ಕಿಲ್ಡ್ ದೆಮ್’. ಹ್ಯಾಡ್ ಯಾಕೆ ಬೇಕು ಅಂತ ಇದಕ್ಕಿಂತ ಚೆನ್ನಾಗಿ ಯಾವ ಟಾಮ್ ಹೇಳಿಕೊಡುತ್ತಾನೆ?

ಅವಳ ಹೆಸರಿನಲ್ಲಿ ಊರಲ್ಲಿ ಸ್ಟೇಡಿಯಂ ಇದೆ. ಸರಿಯಾದದ್ದೇ. ಆದರೆ ಮುದ್ದಹನುಮನ ಊಟದ ಬಗ್ಗೆ ಯಾರೂ ಮಾತಾಡುವುದಿಲ್ಲ. ಅಷ್ಟೊತ್ತು ಏನು ಉಂಡ? ನಮ್ಮ ಕಡೆ ಮುದ್ದೆ ತಾನೇ? ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ನುಂಗುತ್ತಾರೆ. ಎರಡು ಮುದ್ದೆಗೆ ಎಷ್ಟು ಹೊತ್ತು ಬೇಕು? ಒಬ್ಬ ಸೈನಿಕನೂ ಕಿರುಚಲಿಲ್ಲವೇ? ನೀರಿಗೆ ಹೋದವಳು ಇನ್ನೂ ಬರಲಿಲ್ಲ ಅಂತ ಒಮ್ಮೆ ಎದ್ದು ನೋಡಬಾರದಿತ್ತೇ? ಗಂಟಲಿಗೆ ಸಿಕ್ಕಿದ್ದರೂ ಎದ್ದು ಬರಬೇಕಿತ್ತು. ಅದಿರಲಿ, ಏಳು ಸುತ್ತಿನ ಕೋಟೆ ಕಟ್ಟಿದವರಿಗೆ ಊಟದ ಹೊತ್ತಿಗೆ ಒಬ್ಬ ಬದಲಿ ಕಾವಲುಗಾರನನ್ನು ಇಡಲು ಆಗಲಿಲ್ಲವೇ? ಕೊನೆಗೂ 1779ರಲ್ಲಿ ಕೋಟೆ ಹೈದರಾಲಿಯ ಪಾಲಾಯಿತು. ಆಗ ಯಾರು ಊಟಕ್ಕೆ ಹೋಗಿದ್ದರೋ!

‘ಮಾಮ, ಮುದ್ದಹನುಮನ ಮೇಲೆ ಯಾಕಿಷ್ಟು ಕೋಪ?’ ಎಂದಳು ಹುಡುಗಿ. ಪಾಪ, ಅವಳಿಗೆ ಇನ್ನೂ ಪಹಣಿ ತಿದ್ದಿಸುವ ಕೆಲಸ ಬಿದ್ದಿಲ್ಲ. ಮಧ್ಯಾಹ್ನ ಒಂದೂವರೆ ಆದ ಮೇಲೆ ಯಾವುದಾದರೂ ಕಚೇರಿಗೆ ಹೋಗಿ ನೋಡಲಿ. ಕುರ್ಚಿ ಖಾಲಿ. ಮೇಲೆ ಫ್ಯಾನು ತಿರುಗುತ್ತಿರುತ್ತದೆ.

‘ಸಾಹೇಬ್ರು ಎಲ್ಲಿ?’

‘ಊಟಕ್ಕೆ ಹೋಗಿದ್ದಾರೆ.’

‘ಯಾವಾಗ ಬರ್ತಾರೆ?’

‘ಊಟ ಆದ ಮೇಲೆ.’