ಸ್ಪಷ್ಟನೆ: ಮೆಕ್ಸಿಕೋ ಗಡಿಗೆ ಪೂರ್ತಿ ಗೋಡೆ ಎದ್ದಿಲ್ಲ, ವಲಸೆಯೂ ನಿಂತಿರಲಿಲ್ಲ

‘ಟ್ರಂಪ್ ಮೊದಲ ಅವಧಿಯಲ್ಲೇ ಮೆಕ್ಸಿಕೋ ಗಡಿ ಪೂರ್ತಿ ಗೋಡೆ ಕಟ್ಟಿಸಿ ಅಕ್ರಮ ವಲಸೆ ನಿಲ್ಲಿಸಿದರು’ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು. ಗಡಿಯ ಉದ್ದ ಸುಮಾರು 3,145 ಕಿ.ಮೀ. ಆ ಅವಧಿಯಲ್ಲಿ ಕಟ್ಟಿದ್ದು ಸುಮಾರು 730 ಕಿ.ಮೀ. ಅದರಲ್ಲೂ ಜಾಸ್ತಿ ಪಾಲು ಹಳೆಯ ಬೇಲಿ ಕಿತ್ತು ಅದೇ ಜಾಗದಲ್ಲಿ ನಿಲ್ಲಿಸಿದ್ದು. ಇದಕ್ಕೆ ತೆಗೆದಿಟ್ಟ ಹಣ ಸುಮಾರು 1,500 ಕೋಟಿ ಡಾಲರ್!

ಅಂಗಡಿಯಲ್ಲಿ ಸಿಗುವ ಕರೆಂಟ್ ಗರಗಸದಲ್ಲೇ ಆ ಗೋಡೆಯ ಉಕ್ಕಿನ ಕಂಬಗಳ ಬುಡ ಕೊಯ್ದು, ಪಕ್ಕಕ್ಕೆ ತಳ್ಳಿ ಜನ ನುಸುಳಿದ್ದಾರೆ. ವೀಸಾ ಪಡೆದು ವಿಮಾನದಲ್ಲಿ ಬಂದು, ಅವಧಿ ಮುಗಿದರೂ ಉಳಿಯುವವರಿಗೆ ಗೋಡೆ ಅಡ್ಡ ಬರುವುದೇ ಇಲ್ಲ, ಅಲ್ವಾ?

ಹಾಗಂತ ಗೋಡೆ ಸುಮ್ನೆ ದಂಡ ಅನ್ನುವುದೂ ಸರಿಯಲ್ಲ. ಊರುಗಳ ಹತ್ತಿರ ಅದು ನುಸುಳುವವರನ್ನು ತಡವಾಗಿಸುತ್ತದೆ, ಕಾವಲಿನವರಿಗೆ ಸಮಯ ಸಿಗುತ್ತದೆ. ಆದರೆ ಅಲ್ಲಿ ದಾರಿ ಕಾಣದವರು ಅರಿಜೋನಾದ ಮರುಭೂಮಿಗೆ ಇಳಿಯುತ್ತಾರೆ. ನೀರಿಲ್ಲದೆ ಎಷ್ಟೋ ಜನ ಅಲ್ಲೇ ಸತ್ತಿದ್ದಾರೆ.