ಸತ್ತ ಕ್ಲಬ್ಬಿನ ಹತ್ತಿರ ಸಂಬಳ ಕೇಳಬಾರದು

ಉಕ್ರೇನಿನ ದ್ನಿಪ್ರೋ ಊರಿನ ಫುಟ್‌ಬಾಲ್ ಕ್ಲಬ್ಬು ದ್ನಿಪ್ರೋ-1 ಅಂಗಡಿ ಮುಚ್ಚಿತು. 2024ರ ಜುಲೈ. ಉಕ್ರೇನಿನ ಲೀಗ್ ಇನ್ನೇನು ಶುರುವಾಗಬೇಕು, ಆಗ ಇವರು, ವಿಶ್ವ ಫುಟ್‌ಬಾಲ್ ಆಳೋ ಫಿಫಾದವರು ಹೊಸ ಆಟಗಾರರನ್ನು ಸೇರಿಸಿಕೊಳ್ಳೋಕೆ ಬಿಡ್ತಿಲ್ಲ, ನಮ್ಮ ಕೈಲಾಗಲ್ಲ ಅಂತ ಕೈ ಎತ್ತಿಬಿಟ್ಟರು. ಕಾನ್ಫರೆನ್ಸ್ ಲೀಗ್ ಅನ್ನೋ ಯುರೋಪಿನ ಕ್ಲಬ್ ಟೂರ್ನಿಗೂ ಟಾಟಾ. ಹಿಂದಿನ ವರ್ಷವಷ್ಟೇ ಲೀಗಿನಲ್ಲಿ ಎರಡನೇ ಸ್ಥಾನಕ್ಕೆ ಬಂದಿದ್ದ ತಂಡ. ಯುದ್ಧ ನಡೀತಿರೋ ದೇಶ, ಪಾಪ, ಅಂತ ಮರುಗೋಕೆ ಹೊರಟೆ. ಆದರೆ ಅದೇ ಊರಿನಲ್ಲಿ ಅದೇ ಸ್ಟೇಡಿಯಮ್ಮಿನಲ್ಲಿ ಹೆಚ್ಚುಕಡಿಮೆ ಅದೇ ಹೆಸರಿನ ಇನ್ನೊಂದು ಕ್ಲಬ್ಬು ಕೆಲವೇ ವರ್ಷದ ಹಿಂದೆ ಬಾಕಿ ತೀರಿಸದೆ ಕಣ್ಣು ಮುಚ್ಚಿದ್ದು ನೆನಪಾಗಿ ಮರುಕ ಅರ್ಧಕ್ಕೇ ನಿಂತಿತು.

ಆ ಮೊದಲನೆಯದ್ದು ಎಫ್‌ಸಿ ದ್ನಿಪ್ರೋ. ಸುಮ್ನೆ ಗಲ್ಲಿ ತಂಡವಲ್ಲ ಸ್ವಾಮಿ. 1983 ಮತ್ತು 1988ರಲ್ಲಿ ಸೋವಿಯತ್ ಚಾಂಪಿಯನ್. ಯುಜ್ಮಾಶ್ ಅನ್ನೋ ಕ್ಷಿಪಣಿ ಕಾರ್ಖಾನೆಯ ತಂಡ. ಕ್ಷಿಪಣಿ ಮಾಡೋ ಊರಾದ್ದರಿಂದ ವಿದೇಶಿಯರು ಆ ಕಡೆ ತಲೆ ಹಾಕೋ ಹಾಗಿರಲಿಲ್ಲ. ಹಾಗಾದರೆ ಯುರೋಪಿಯನ್ ಕಪ್ಪಿನ ಮ್ಯಾಚು? ಅದನ್ನು ಕ್ರಿವಿ ರಿಹ್ ಅನ್ನೋ ಬೇರೆ ಊರಲ್ಲಿ ಆಡಿಸಿದರು. 1985ರಲ್ಲಿ ಫ್ರಾನ್ಸಿನ ಬೋರ್ಡೋ ತಂಡ ಕ್ವಾರ್ಟರ್ ಫೈನಲ್ ಆಡೋಕೆ ಬಂದಾಗಲೂ ಅಲ್ಲೇ. ಫುಟ್‌ಬಾಲ್ ಬೂಟು ಹಾಕ್ಕೊಂಡು ಬಂದ ಇಪ್ಪತ್ತು ಜನ ಫ್ರೆಂಚರು ಕಾರ್ನರ್ ಕಿಕ್ ಹೊಡೆಯೋ ನೆಪದಲ್ಲಿ ಕ್ಷಿಪಣಿ ನಕ್ಷೆ ಕದ್ದುಬಿಟ್ಟರೆ ಏನು ಗತಿ, ಅಲ್ವಾ? ಸ್ವಂತ ಊರಿನ ಜನ ತಮ್ಮ ತಂಡದ ಅತಿ ದೊಡ್ಡ ಮ್ಯಾಚು ನೋಡೋಕೆ ಬೇರೆ ಊರಿನ ದಾರಿ ಹಿಡಿಯಬೇಕು. ಆ ಮ್ಯಾಚಲ್ಲಿ ಪೆನಾಲ್ಟಿಯಲ್ಲಿ ಸೋತರು. ಕ್ಷಿಪಣಿ ಮಾತ್ರ ಕ್ಷೇಮ.

ಮೂವತ್ತು ವರ್ಷ ಕಳೆದು 2015ರಲ್ಲಿ ಯುರೋಪಾ ಲೀಗ್, ಯುರೋಪಿನ ಎರಡನೇ ದೊಡ್ಡ ಕ್ಲಬ್ ಟೂರ್ನಿ. ಈಗ ಕ್ಷಿಪಣಿ ಗುಟ್ಟಿಲ್ಲ, ಆದರೆ ದೇಶದ ಪೂರ್ವದಲ್ಲಿ ಯುದ್ಧ. ಹಾಗಾಗಿ ತವರಿನ ಮ್ಯಾಚೆಲ್ಲ ಕೀವ್‌ನಲ್ಲಿ. ಇಷ್ಟಾದರೂ ಸೆಮಿಫೈನಲ್‌ನಲ್ಲಿ ಇಟಲಿಯ ನಾಪೋಲಿಯನ್ನು ಮನೆಗೆ ಕಳಿಸಿ, ವಾರ್ಸಾದ ಫೈನಲ್‌ನಲ್ಲಿ ಏಳನೇ ನಿಮಿಷಕ್ಕೇ ದ್ನಿಪ್ರೋದ ಕಾಲಿನಿಚ್ ಗೋಲು ಹೊಡೆದ. ಆಮೇಲೆ ಸ್ಪೇನಿನ ಸೆವಿಯಾ 3-2ರಿಂದ ಗೆದ್ದಿತು. ಸರಿ, ಸೋಲು ಗೆಲುವು ಇದ್ದದ್ದೇ. ಮುಂದಿನದ್ದು ಕೇಳಿ. ತಂಡದ ಸ್ಟಾರ್ ಕೊನೊಪ್ಲ್ಯಾಂಕಾ ಅದೇ ಬೇಸಿಗೆಯಲ್ಲಿ ಒಂದು ಪೈಸೆ ಟ್ರಾನ್ಸ್‌ಫರ್ ದುಡ್ಡಿಲ್ಲದೆ ಹೋಗಿ ಸೇರಿದ್ದು ಯಾವ ತಂಡ? ಅದೇ ಸೆವಿಯಾ. ಕಪ್ಪೂ ಕೊಟ್ಟು, ಜೊತೆಗೆ ಹುಡುಗನನ್ನೂ ಕೊಟ್ಟು ಕಳಿಸಿದ ಈ ದೊಡ್ಡ ಮನಸ್ಸು ಯಾರಿಗುಂಟು?

ದೊಡ್ಡ ಮನಸ್ಸು ಅಂದಮೇಲೆ ಮಾಲೀಕರ ಬಗ್ಗೆ ಎರಡು ಮಾತು. ಇಹೋರ್ ಕೊಲೊಮೊಯ್ಸ್ಕಿ. ಇವರ ಆಫೀಸಿನಲ್ಲಿ ಶಾರ್ಕ್ ಮೀನಿನ ತೊಟ್ಟಿ ಇತ್ತು, ಎದುರಿಗೆ ಕೂತವರನ್ನು ನಡುಗಿಸಬೇಕು ಅನ್ನಿಸಿದಾಗ ಒಂದು ಗುಂಡಿ ಒತ್ತಿ ಅದಕ್ಕೆ ಊಟ ಬೀಳಿಸ್ತಿದ್ದರು ಅಂತ ಪತ್ರಿಕೆಗಳೇ ಬರೆದಿವೆ. ಉಕ್ರೇನಿನ ಕಾನೂನಲ್ಲಿ ಆಗ ಎರಡು ಪೌರತ್ವಕ್ಕೆ ಜಾಗ ಇರಲಿಲ್ಲ. ಅದನ್ನು ಕೇಳಿದ್ದಕ್ಕೆ ಇವರು, ಎರಡು ಬೇಡ ಅಂದಿದ್ದಾರೆ, ಮೂರು ಬೇಡ ಅಂದಿಲ್ಲವಲ್ಲ ಅಂದರಂತೆ. ಉಕ್ರೇನ್, ಇಸ್ರೇಲ್, ಸೈಪ್ರಸ್, ಮೂರೂ ಪಾಸ್‌ಪೋರ್ಟ್ ಆಗ ಜೇಬಲ್ಲಿದ್ದವು. ಈ ತರ್ಕ ನನಗೆ ಬಹಳ ಹಿಡಿಸಿತು. ಅವರು 2023ರ ಸೆಪ್ಟೆಂಬರಿನಲ್ಲಿ ವಂಚನೆ ಆರೋಪದ ಮೇಲೆ ಬಂಧನಕ್ಕೆ ಒಳಗಾದವರು, ಕೋರ್ಟಿನ ವಿಷಯ ಕೋರ್ಟಿಗೆ ಬಿಡೋಣ. ನಮಗೆ ಬೇಕಾದ್ದು ಸಂಬಳದ ವಿಷಯ.

ದ್ನಿಪ್ರೋಗೆ ನಾಲ್ಕು ವರ್ಷ ಕೋಚ್ ಆಗಿದ್ದವರು ಸ್ಪೇನಿನ ಹುವಾಂಡೆ ರಾಮೋಸ್. ಅವರದ್ದೂ ಅವರ ಸಹಾಯಕರದ್ದೂ ದುಡ್ಡು ಬಾಕಿ. ಅವರು ಫಿಫಾ ಬಾಗಿಲು ತಟ್ಟಿದರು. ಸೋವಿಯತ್ ಕಾಲದಲ್ಲಿ ಎಲ್ಲರಿಗಿಂತ ಮೊದಲು ವೃತ್ತಿಪರ ಕ್ಲಬ್ಬಾದ, ಅಂದರೆ ನಾವು ಆಟಕ್ಕೇ ಸಂಬಳ ಕೊಡ್ತೀವಿ ಅಂತ ರಾಜಾರೋಷವಾಗಿ ಹೇಳಿದ ಕ್ಲಬ್ಬು ಇದು. ಸತ್ತದ್ದು ಸಂಬಳ ಕೊಡದೆ. ಯುರೋಪಿನ ಫುಟ್‌ಬಾಲ್ ಆಳೋ ಯುಇಎಫ್‌ಎ ತನ್ನ ಟೂರ್ನಿಗಳಿಂದ ಹೊರಗಿಟ್ಟಿತು. ಫಿಫಾ ಪಾಯಿಂಟು ಕತ್ತರಿಸಿತು. 2017ರಲ್ಲಿ ಎರಡನೇ ದರ್ಜೆಗೆ ಇಳಿಯಬೇಕಿದ್ದ ತಂಡವನ್ನು ಇನ್ನೂ ಒಂದು ಮೆಟ್ಟಿಲು ಕೆಳಗೆ, ಮೂರನೇ ದರ್ಜೆಗೆ ದಬ್ಬಿತು. ಎರಡು ವರ್ಷದ ಹಿಂದೆ ಯುರೋಪಾ ಫೈನಲ್ ಆಡಿದ ತಂಡ! 2019ಕ್ಕೆ ಕಥೆ ಮುಗೀತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನೋದು ಇದಕ್ಕೇ. ದುಡ್ಡು ಕೊಡದವರು ಸೂಟು ಹಾಕ್ಕೊಂಡು ಗ್ಯಾಲರಿಯಲ್ಲಿ ಕೂತಿರ್ತಾರೆ. ಪಾಯಿಂಟು ಕಳಕೊಳ್ಳೋರು ಯಾರು? ಹಿರಿಯರೆಲ್ಲ ಗಂಟು ಕಟ್ಟಿದ ಮೇಲೆ ಕ್ಲಬ್ಬಿನ ಅಕಾಡೆಮಿಯಿಂದ ಮೇಲೆ ಬಂದ ಚಿಕ್ಕ ಹುಡುಗರು. ಅವರು ಮಳೆಯಲ್ಲಿ ಬಿದ್ದು ಎದ್ದು ಗೆದ್ದ ಪಾಯಿಂಟನ್ನು ಫಿಫಾದವರು ಜೂರಿಚ್‌ನಲ್ಲಿ ಕೂತು ಒಂದು ಪತ್ರದಲ್ಲಿ ಅಳಿಸಿ ಹಾಕ್ತಾರೆ.

ಅಷ್ಟರಲ್ಲಿ ಪವಾಡ. 2017ರಲ್ಲಿ, ಹಳೇ ಕ್ಲಬ್ಬು ಇನ್ನೂ ಉಸಿರಾಡ್ತಾ ಇರುವಾಗಲೇ, ಎಸ್‌ಸಿ ದ್ನಿಪ್ರೋ-1 ವೃತ್ತಿಪರ ಲೀಗಿಗೆ ಇಳೀತು. ಹಳೇ ಕ್ಲಬ್ಬಿನ ಕೋಚ್ ಮಿಖಾಯ್ಲೆಂಕೊ ಹೊಸದಕ್ಕೂ ಕೋಚ್. ಸ್ಟೇಡಿಯಂ ಅದೇ. ಆದರೆ ನಾವು ಅವರಲ್ಲ ಅಂತಾರೆ. ಚೀಟಿ ದುಡ್ಡು ನುಂಗಿದವನು ಪಕ್ಕದ ಮಳಿಗೆಯಲ್ಲಿ ಹೆಂಡತಿ ಹೆಸರಲ್ಲಿ ಹೊಸ ಬೋರ್ಡು ಹಾಕಿ, ಹಳೇದು ಕೇಳೋಕೆ ಬಂದವರಿಗೆ ನೀವ್ಯಾರು ಅಂದ ಹಾಗೆ. ಬೋರ್ಡಲ್ಲಿ ಒಂದು ಅಂಕೆ ಜಾಸ್ತಿ, ಅಷ್ಟೇ.

ಖಾರ್ಕಿವ್‌ನಲ್ಲಿ ಇದಕ್ಕಿಂತ ಸೊಗಸು. ನಮ್ಮ ಹುಡುಗರು ಎಂಬಿಬಿಎಸ್ ಓದೋಕೆ ಹೋಗ್ತಿದ್ದ ಊರು, ಹೆಸರು ಎಲ್ಲರ ಕಿವಿಗೂ ಬಿದ್ದಿದೆ. ಅಲ್ಲಿನ ಮೆಟಲಿಸ್ಟ್ ಕ್ಲಬ್ಬು 2013ರಲ್ಲಿ ಚಾಂಪಿಯನ್ಸ್ ಲೀಗಿನ ಅರ್ಹತಾ ಸುತ್ತಿನಲ್ಲಿ ಗ್ರೀಸಿನ ಪಿಎಒಕೆಯನ್ನು ಸೋಲಿಸಿತು. ಆಮೇಲೆ 2008ರ ಹಳೇ ಮ್ಯಾಚ್ ಫಿಕ್ಸಿಂಗ್ ಕಡತ ಬಿಚ್ಚಿಕೊಂಡು ಮೆಟಲಿಸ್ಟನ್ನು ಹೊರಗೆ ಹಾಕಿದರು, ಸೋತ ಪಿಎಒಕೆ ಮುಂದಿನ ಸುತ್ತಿಗೆ ಹೋಯಿತು. 2016ರಲ್ಲಿ ಕ್ಲಬ್ಬೇ ಮುಳುಗಿತು. ಅದರ ಜಾಗಕ್ಕೆ ಮೆಟಲಿಸ್ಟ್ 1925 ಬಂತು. ಆಮೇಲೆ ಇನ್ನೊಬ್ಬರು ಬರೀ ಮೆಟಲಿಸ್ಟ್ ಅಂತಲೂ ಒಂದು ತಂದರು. 2022-23ರಲ್ಲಿ ಎರಡೂ ಒಂದೇ ಪ್ರೀಮಿಯರ್ ಲೀಗಿನಲ್ಲಿ! ಒಬ್ಬ ಅಪ್ಪನ ಆಸ್ತಿಗೆ ಇಬ್ಬರು ವಾರಸುದಾರರು. ಅಪ್ಪನ ಸಾಲಕ್ಕೆ ಯಾರು ಅನ್ನೋದೇ ಪ್ರಶ್ನೆ.

ನಗು ಬರ್ತಿತ್ತು, ಈಗ ಬರ್ತಿಲ್ಲ. ಯುದ್ಧಕ್ಕೆ ಸಿಕ್ಕ ಕ್ಲಬ್ಬುಗಳ ಸಂಕಟ ನಿಜ. ದ್ನಿಪ್ರೋ-1 ಕೂಡ ತನ್ನ ಯುರೋಪಿನ ಮ್ಯಾಚುಗಳನ್ನು ಸ್ಲೊವಾಕಿಯಾದ ಕೊಶಿತ್ಸೆಯಲ್ಲಿ ಆಡಬೇಕಾಯಿತು. ಆದರೆ 2015ರ ಫೈನಲ್ ಆಡಿದ ತಂಡವನ್ನು ಕೊಂದದ್ದು ಬಾಂಬಲ್ಲ. ಅದು ಕೊಡಬೇಕಾದ ದುಡ್ಡು ಕೊಡದ ಹಲ್ಕಟ್ ಕೆಲಸ, ಅದಕ್ಕೆ ಬೇರೆ ಹೆಸರಿಲ್ಲ. ದುಡ್ಡಿಟ್ಟುಕೊಂಡವರಿಗೆ ಊರು ಬಿಟ್ಟು ಹೋಗೋಕೆ ದಾರಿ ಇರುತ್ತೆ. ನಲವತ್ತು ವರ್ಷ ಅದೇ ಸ್ಟ್ಯಾಂಡಿನಲ್ಲಿ ಕೂತು ಕೂಗಿದವನು ಎಲ್ಲಿಗೆ ಹೋಗ್ತಾನೆ?

ಊರಲ್ಲಿ ಮೂವತ್ತು ಸಾವಿರ ಜನ ಕೂರೋ ಸ್ಟೇಡಿಯಂ ಇದೆ, 2008ರಲ್ಲಿ ಕಟ್ಟಿದ್ದು, ಯುರೋ 2012 ಟೂರ್ನಿಯ ಒಂದು ಮ್ಯಾಚೂ ಸಿಗದೆ ಹೋದದ್ದು. ಅಂದರೆ ಯಾರಾದರೂ ಇನ್ನೊಂದು ಕ್ಲಬ್ಬು ತೆರೆಯದೆ ಇರಲ್ಲ. ಅದಕ್ಕೆ ಕೋಚ್ ಆಗಿ ಹೋಗೋರು ಸಂಬಳ ಮುಂಗಡವಾಗಿ, ನಗದಾಗಿ ತಗೊಳ್ಳಿ.