ಬಿದ್ದ ಬೈಕನ್ನು ಒಬ್ಬರೇ ಎತ್ತಬೇಕು

ಮೊನ್ನೆ ರಾತ್ರಿ ಹನ್ನೊಂದು ಗಂಟೆಗೆ ಚಿಕ್ಕಪ್ಪನ ಮಗ ವಾಟ್ಸಾಪಲ್ಲಿ ಸಾಲಾಗಿ ಐದು ಫೋಟೋ ಕಳಿಸಿದ. ಎಲ್ಲವೂ ಡ್ಯುಯಲ್ ಸ್ಪೋರ್ಟ್ ಬೈಕುಗಳ ಸ್ಪೆಕ್ ಶೀಟ್. ಕೆಳಗೆ ಒಂದೇ ಸಾಲು: "ಅಣ್ಣಾ, ಪವರ್ ಟು ವೇಟ್ ಲೆಕ್ಕ ಹಾಕಿದೀನಿ, ಜಾಸ್ತಿ ಬಂದಿದ್ದನ್ನೇ ತಗೊಳ್ಲಾ?" ಲೆಕ್ಕ ಸರಿಯಾಗೇ ಹಾಕಿದ್ದ. ಎಂಜಿನ್ನಿನ ಶಕ್ತಿಯನ್ನು, ಅಂದರೆ ಪಿಎಸ್ ಅನ್ನು, ಬೈಕಿನ ತೂಕದ ಕೆಜಿಯಿಂದ ಭಾಗಿಸಿ, ದೊಡ್ಡ ಸಂಖ್ಯೆ ಬಂದ ಬೈಕಿಗೆ ಕೆಂಪು ಗುರುತು ಹಾಕಿದ್ದ. ಫೋನ್ ಮಾಡಿ ಅರ್ಧ ಹೇಳಿದೆ, ಅಷ್ಟರಲ್ಲಿ ಅವನಿಗೆ ನಿದ್ದೆ ಬಂತು. ಉಳಿದಿದ್ದನ್ನು ಇಲ್ಲಿ ಬರೀತಿದ್ದೇನೆ. ಈ ಪ್ರಶ್ನೆಯನ್ನು ಈ ವರ್ಷ ನನ್ನ ಹತ್ತಿರ ಕೇಳಿದವರಲ್ಲಿ ಅವನು ನಾಲ್ಕನೆಯವನು.

ಡ್ಯುಯಲ್ ಸ್ಪೋರ್ಟ್ ಅಂದರೆ ಟಾರು ರಸ್ತೆಗೂ ಸೈ, ಮಣ್ಣು ದಾರಿಗೂ ಸೈ ಅನ್ನೋ ಬೈಕ್. ಮುಂದೆ 21 ಇಂಚಿನ ದೊಡ್ಡ ಚಕ್ರ, ಕಡ್ಡಿ ಚಕ್ರ, ಉದ್ದ ಸಸ್ಪೆನ್ಷನ್, ನೆಲದಿಂದ ಒಳ್ಳೆ ಎತ್ತರ. ಇವುಗಳಲ್ಲಿ ಹೆಚ್ಚಿನವು ಸಿಂಗಲ್ ಸಿಲಿಂಡರ್. ಅದಕ್ಕೆ ಕಾರಣ ಇದೆ. ಒಂದೇ ಪಿಸ್ಟನ್ ಅಂದರೆ ಎಂಜಿನ್ ಸಣ್ಣದು, ಹಗುರ, ಕಾಲುಗಳ ಮಧ್ಯೆ ಬೈಕ್ ತೆಳ್ಳಗಿರುತ್ತದೆ, ನಿಂತು ಓಡಿಸೋಕೆ ಸಲೀಸು. ಕೆಟ್ಟರೆ ರಿಪೇರಿಯೂ ಸುಲಭ.

ಈಗ ತಮ್ಮನ ಲೆಕ್ಕಕ್ಕೆ ಬರ್ತೀನಿ. ಎರಡು ಬೈಕ್ ತಗೊಳ್ಳಿ. ಹೀರೋ ಎಕ್ಸ್‌ಪಲ್ಸ್ 200 4ವಿ: 19.1 ಪಿಎಸ್, ತೂಕ 158 ಕೆಜಿ. ಹಳೇ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411, ಬಿಎಸ್6 ಮಾಡೆಲ್: 24.3 ಪಿಎಸ್, ತೂಕ 199 ಕೆಜಿ. ಭಾಗಿಸಿ ನೋಡಿ. ಮೊದಲನೆಯದಕ್ಕೆ ಟನ್ನಿಗೆ 121 ಪಿಎಸ್, ಎರಡನೆಯದಕ್ಕೆ 122. ಲೆಕ್ಕದ ಪ್ರಕಾರ ಎರಡೂ ಒಂದೇ. ಆದರೆ ಎರಡನ್ನೂ ಮಳೆಗಾಲದ ಕೆಸರಲ್ಲಿ ಓಡಿಸಿದವರು ಯಾರೂ ಒಂದೇ ಅನ್ನಲ್ಲ. ಮಧ್ಯೆ 41 ಕೆಜಿ ವ್ಯತ್ಯಾಸ ಇದೆ. ನಮ್ಮ ಕಡೆ ಒಂದು ಚೀಲ ಚೆರ್ರಿ ಕಾಫಿ 50 ಕೆಜಿ ತೂಗುತ್ತದೆ. ಮುಕ್ಕಾಲು ಚೀಲಕ್ಕಿಂತ ಜಾಸ್ತಿ ಆಯ್ತಲ್ವಾ?

ಈ ಭಾಗಾಕಾರದಲ್ಲಿ ಇನ್ನೊಂದು ದೊಡ್ಡ ಲೋಪ ಇದೆ, ಓಡಿಸುವವನೇ ಅದರಲ್ಲಿ ಇಲ್ಲ. ನಾನು 75 ಕೆಜಿ ಇದ್ದೇನೆ. ನನ್ನನ್ನು ಸೇರಿಸಿದರೆ ಎಕ್ಸ್‌ಪಲ್ಸ್ 82ಕ್ಕೆ ಇಳಿಯುತ್ತದೆ, ಹಿಮಾಲಯನ್ 89ರಲ್ಲಿ ನಿಲ್ಲುತ್ತದೆ. ಹಿಂದೆ 60 ಕೆಜಿಯವರು ಒಬ್ಬರು ಕೂತರೆ 65 ಮತ್ತು 73. ಅಂದರೆ ಹೇರು ಜಾಸ್ತಿಯಾದಷ್ಟೂ ದೊಡ್ಡ ಎಂಜಿನ್ನೇ ಮುಂದೆ ಬರುತ್ತದೆ. ಇಬ್ಬರು ಕೂತು, ಲಗೇಜ್ ಕಟ್ಟಿ ದೂರ ಹೋಗುವವರಿಗೆ ಹಗುರದ ಬೈಕ್ ತಗೊಳ್ಳಿ ಅಂತ ನಾನು ಯಾವತ್ತೂ ಹೇಳಲ್ಲ. ನಾನು ಹೇಳುತ್ತಿರೋದು ಒಬ್ಬರೇ ಹೋಗುವವರ ಬಗ್ಗೆ, ಮಣ್ಣು ದಾರಿಯ ಬಗ್ಗೆ.

ಎರಡು ವರ್ಷದ ಹಿಂದೆ, ಆಷಾಢದ ಮಳೆ. ಸ್ನೇಹಿತನ ಬೈಕ್ ತಗೊಂಡು ಮೂಡಿಗೆರೆ ಕಡೆ ಚಿಕ್ಕಪ್ಪನ ಮನೆಗೆ ಹೊರಟಿದ್ದೆ. ಯಾವ ಬೈಕ್ ಅಂತ ಬೇಡ. ಹತ್ತಿರ ಹತ್ತಿರ 200 ಕೆಜಿ, ಜೊತೆಗೆ ಎರಡೂ ಕಡೆ ಬ್ಯಾಗು. ಕೊನೇ ಮೂರು ಕಿಲೋಮೀಟರ್ ಮಣ್ಣು ದಾರಿ. ಒಂದು ಕಡೆ ದರೆ, ಇನ್ನೊಂದು ಕಡೆ ತೋಟದ ಬೇಲಿ, ಮಧ್ಯೆ ನೀರು ಕೊರೆದ ಕೊರಕಲು. ಏರಿನ ತಿರುವಲ್ಲಿ ಮುಂದಿನ ಚಕ್ರ ಕೊರಕಲಿಗೆ ಇಳಿಯಿತು, ಹಿಂದಿನದು ಜಾರಿತು, ಬೈಕ್ ನಿಧಾನವಾಗಿ ಬಲಕ್ಕೆ ಮಲಗಿತು. ವೇಗ ಏನೂ ಇರಲಿಲ್ಲ, ನನಗೆ ಒಂದು ತರಚು ಗಾಯವೂ ಆಗಲಿಲ್ಲ. ಎತ್ತೋಣ ಅಂತ ಹ್ಯಾಂಡಲ್ ಹಿಡಿದು ಎಳೆದೆ. ಬೂಟು ಜಾರಿತು. ತಿರುಗಿ ಬೆನ್ನು ಕೊಟ್ಟು ಎತ್ತಿದೆ, ಅರ್ಧಕ್ಕೆ ಬಂದು ಮತ್ತೆ ಜಾರಿ ಅದೇ ಜಾಗಕ್ಕೆ ಕೂತಿತು. ಮೂರನೇ ಸಲಕ್ಕೆ ಕೈ ನಡುಗೋಕೆ ಶುರುವಾಯ್ತು. ಟ್ಯಾಂಕ್ ಮುಚ್ಚಳದ ಹತ್ತಿರ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು, ಫೋನಲ್ಲಿ ಒಂದು ಗೆರೆ ಸಿಗ್ನಲ್ ಇಲ್ಲ, ಬೂಟಿನ ಮೇಲೆ ಉಂಬಳ ಹತ್ತುತ್ತಿತ್ತು. ಸುಮಾರು ಅರ್ಧ ಗಂಟೆ ಅಲ್ಲೇ ನಿಂತಿದ್ದೆ. ಆ ಅರ್ಧ ಗಂಟೆಯಲ್ಲಿ ಆ ಬೈಕಿನ ಪವರ್ ನನಗೆ ಯಾವ ಉಪಯೋಗಕ್ಕೂ ಬರಲಿಲ್ಲ.

ಆಮೇಲೆ ಕೆಳಗಿನಿಂದ ಒಬ್ಬ ಹಿರಿಯರು ಟಿವಿಎಸ್ ಎಕ್ಸ್‌ಎಲ್‌ನಲ್ಲಿ ಬಂದರು. ಮುಂದೆ ಒಂದು ಹಿಂಡಿ ಚೀಲ, ಹಿಂದೆ ಒಂದು. ಗಾಡಿ ಸ್ಟ್ಯಾಂಡ್ ಹಾಕಿ, ಮೊದಲು ಕತ್ತಿಯಲ್ಲಿ ಬೇಲಿ ಬದಿಯ ಸೊಪ್ಪು ಸವರಿ ಎರಡೂ ಚಕ್ರದ ಅಡಿಗೆ ತುರುಕಿದರು. ಆಮೇಲೆ ಇಬ್ಬರೂ ಸೇರಿ ಎತ್ತಿದೆವು. "ಒಬ್ರೇ ಬರೋ ದಾರೀಲಿ ಇಷ್ಟು ಭಾರದ ಗಾಡಿ ತರಬೇಡಿ ಮಾರಾಯ್ರೆ" ಅಂದು, ಚೀಲಗಳನ್ನು ಸರಿ ಮಾಡಿಕೊಂಡು, ನಾನು ಬಿದ್ದ ಅದೇ ಏರನ್ನು ಹತ್ತಿ ಹೋದರು. ಎಕ್ಸ್‌ಎಲ್ 100ಕ್ಕೆ ಇರೋದು ನಾಲ್ಕು ಚಿಲ್ಲರೆ ಪಿಎಸ್, ತೂಕ 90 ಕೆಜಿ ಒಳಗೆ. ತಮ್ಮನ ಪಟ್ಟಿಗೆ ಹಾಕಿದರೆ ಅದು ಕಟ್ಟಕಡೆಗೆ ಬರುತ್ತದೆ, ಟನ್ನಿಗೆ 50ರ ಆಸುಪಾಸು.

ಎಲ್ಲರೂ ಎಕ್ಸ್‌ಎಲ್ ತಗೊಳ್ಳಿ ಅಂತ ಅಲ್ಲ. ಆದರೆ ಆ ದಿನದಿಂದ ಬೈಕ್ ನೋಡುವಾಗ ಮೊದಲು ತೂಕದ ಸಾಲು ನೋಡುತ್ತೇನೆ, ಆಮೇಲೆ ಸೀಟಿನ ಎತ್ತರ, ಆಮೇಲೆ ಟಾರ್ಕ್, ಅಂದರೆ ಎಂಜಿನ್ನಿನ ಎಳೆತ, ಎಷ್ಟು ಆರ್‌ಪಿಎಂಗೆ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗಿದಾಗ) ಬರುತ್ತದೆ ಅಂತ. ಪಿಎಸ್ ಕೊನೆಗೆ.

ತೂಕ ನೋಡುವಾಗಲೂ ಹುಷಾರಾಗಿರಬೇಕು. ಕರ್ಬ್ ತೂಕ ಅಂದರೆ ಆಯಿಲ್, ಪೆಟ್ರೋಲ್ ಎಲ್ಲ ಸೇರಿಸಿ. ಕೆಲವು ಕಡೆ ಪೆಟ್ರೋಲ್ ಇಲ್ಲದ ತೂಕ ಕೊಟ್ಟಿರುತ್ತಾರೆ, ಅದನ್ನು ಇದರ ಪಕ್ಕ ಇಟ್ಟು ಹೋಲಿಸಿದರೆ ಲೆಕ್ಕವೇ ತಪ್ಪು. ಒಂದು ಲೀಟರ್ ಪೆಟ್ರೋಲ್ ಮುಕ್ಕಾಲು ಕೆಜಿ ಹತ್ತಿರ ತೂಗುತ್ತದೆ. ಹಿಮಾಲಯನ್ 450ರ 17 ಲೀಟರ್ ಟ್ಯಾಂಕ್ ತುಂಬಿಸಿದರೆ ಸುಮಾರು 12.5 ಕೆಜಿ, ಅದೂ ಬೈಕಿನ ಮೇಲ್ಭಾಗದಲ್ಲಿ. ಮೇಲಿರುವ ತೂಕ ಬೈಕ್ ವಾಲುವಾಗ ಜೋರಾಗಿ ಎಳೆಯುತ್ತದೆ.

ಇನ್ನು ನಾವೇ ಸೇರಿಸುವ ತೂಕ. ಕಳೆದ ಡಿಸೆಂಬರಲ್ಲಿ ಚಿಕ್ಕಪ್ಪನ ಕಣದಲ್ಲಿ ಕಾಫಿ ತೂಕ ಮಾಡುವ ಯಂತ್ರ ಖಾಲಿ ಇತ್ತು. ನನ್ನ ಎಕ್ಸ್‌ಪಲ್ಸ್‌ನ ಮುಂದಿನ ಚಕ್ರವನ್ನು ಅದರ ಮೇಲೆ ಇಟ್ಟೆ, ಹಿಂದಿನದರ ಅಡಿಗೆ ಅಷ್ಟೇ ಎತ್ತರದ ಹಲಗೆ. ತಮ್ಮ ಬೈಕನ್ನು ನೆಟ್ಟಗೆ ಹಿಡಿದುಕೊಂಡ. ಮುಂದೆ 81. ಆಮೇಲೆ ಅದಲು ಬದಲು ಮಾಡಿದೆವು, ಹಿಂದೆ 98. ಒಟ್ಟು 179 ಕೆಜಿ! ಕಾಗದದಲ್ಲಿ 158 ಇದ್ದ ಬೈಕು. ಕ್ರ್ಯಾಶ್ ಗಾರ್ಡ್, ಬ್ಯಾಗ್ ಕಟ್ಟುವ ಕಂಬಿ, ಟಾಪ್ ಬಾಕ್ಸ್, ಅದರೊಳಗೆ ಟೂಲ್ಸು, ಪಂಕ್ಚರ್ ಸಾಮಾನು, ಒಂದು ಟ್ಯೂಬು. ಎಲ್ಲ ಸೇರಿ ಗೊತ್ತೇ ಆಗದ ಹಾಗೆ 21 ಕೆಜಿ ಏರಿತ್ತು. ಅವತ್ತೇ ಕಂಬಿ ಮತ್ತು ಟಾಪ್ ಬಾಕ್ಸ್ ಬಿಚ್ಚಿಟ್ಟೆ. ಈಗ ಒಂದು ಬಟ್ಟೆಯ ಬ್ಯಾಗನ್ನು ಸೀಟಿಗೆ ಬಿಗಿಯಾಗಿ ಕಟ್ಟಿಕೊಂಡು ಹೋಗುತ್ತೇನೆ. ಸಾಧ್ಯ ಆದವರು ಒಂದು ಸಲ ಹೀಗೆ ತೂಗಿ ನೋಡಿ, ನಿಜವಾಗಲೂ ಕಣ್ಣು ತೆರೆಸುತ್ತದೆ.

ಟಾರ್ಕ್ ವಿಷಯದಲ್ಲಿ ಹಳೇ ಹಿಮಾಲಯನ್‌ಗೆ ನ್ಯಾಯ ಸಲ್ಲಿಸಲೇಬೇಕು. ಅದರ ಎಂಜಿನ್ ಲಾಂಗ್ ಸ್ಟ್ರೋಕ್: ಬೋರ್, ಅಂದರೆ ಸಿಲಿಂಡರಿನ ಅಗಲ, 78 ಮಿಮೀ; ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ, 86 ಮಿಮೀ. 32 ಎನ್‌ಎಂ ಟಾರ್ಕ್ ನಾಲ್ಕು ಸಾವಿರ ಚಿಲ್ಲರೆ ಆರ್‌ಪಿಎಂಗೇ ಸಿಗುತ್ತದೆ. ಕಲ್ಲಿನ ಏರಲ್ಲಿ ಫಸ್ಟ್ ಗೇರಿನಲ್ಲಿ, ಮನುಷ್ಯ ನಡೆಯುವ ವೇಗದಲ್ಲಿ, ಕ್ಲಚ್ ಮುಟ್ಟದೆ ಹತ್ತುತ್ತದೆ. ಆ ಸಮಾಧಾನ ಬೇರೆ ಯಾವ ಬೈಕಲ್ಲೂ ನನಗೆ ಸಿಕ್ಕಿಲ್ಲ. ಎಕ್ಸ್‌ಪಲ್ಸ್ 200ರಲ್ಲಿ 17.35 ಎನ್‌ಎಂ, ಅದೂ 6,500 ಆರ್‌ಪಿಎಂಗೆ. ಹಾಗಾಗಿ ಏರಲ್ಲಿ ಆಕ್ಸಿಲರೇಟರ್ ಬಿಡೋಕಾಗಲ್ಲ, ಹಾಫ್ ಕ್ಲಚ್ ಹಿಡಿದು ಹಿಡಿದು ಎಡಗೈ ನೋಯುತ್ತದೆ. ನಾನು ಹಿಂದಿನ ಸ್ಪ್ರಾಕೆಟ್, ಅಂದರೆ ಚೈನ್ ಕೂರುವ ಹಲ್ಲಿನ ಚಕ್ರ, ಬದಲಿಸಿ ಎರಡು ಹಲ್ಲು ಜಾಸ್ತಿ ಇರೋದನ್ನು ಹಾಕಿಸಿದೆ. ಹೈವೇಲಿ ವೇಗ ಸ್ವಲ್ಪ ಕಮ್ಮಿ ಆಯ್ತು, ಏರಲ್ಲಿ ತುಂಬಾ ಹಗುರಾಯ್ತು. ನಾನು ತಮ್ಮನಿಗೆ ಒತ್ತಿ ಹೇಳಿದ್ದೂ ಇದನ್ನೇ: ಎಳೆತ ಕಮ್ಮಿ ಇದ್ದರೆ ಕಡಿಮೆ ದುಡ್ಡಿನ ಒಂದು ಸ್ಪ್ರಾಕೆಟ್‌ನಿಂದ ಸ್ವಲ್ಪ ಸರಿ ಮಾಡಿಕೊಳ್ಳಬಹುದು, ಆದರೆ 40 ಕೆಜಿಯನ್ನು ಯಾವ ಮೆಕ್ಯಾನಿಕ್ಕೂ ಇಳಿಸಿ ಕೊಡೋಕಾಗಲ್ಲ.

ಈಗ ಸಿಗುವ ಬೈಕುಗಳಲ್ಲಿ ತೂಕದಲ್ಲಿ ಗೆಲ್ಲೋದು ಕವಾಸಕಿ ಕೆಎಲ್‌ಎಕ್ಸ್ 230. ಬರೀ 139 ಕೆಜಿ, 18 ಪಿಎಸ್ ಆಸುಪಾಸು, ಏರ್ ಕೂಲ್ಡ್. ಬಿದ್ದರೆ ಎತ್ತಿ ಹೊರಟುಬಿಡಬಹುದು. ಆದರೆ ಸೀಟು 880 ಮಿಮೀ ಎತ್ತರ, ಐದೂವರೆ ಅಡಿಯವರಿಗೆ ಕಾಲಿನ ತುದಿ ಮಾತ್ರ ನೆಲ ಮುಟ್ಟುತ್ತದೆ. ಕೂತಾಗ ಸಸ್ಪೆನ್ಷನ್ ಸ್ವಲ್ಪ ಕುಸಿಯುತ್ತೆ ನಿಜ, ಆದರೂ ಇಳಿಜಾರಲ್ಲಿ ನಿಲ್ಲಿಸುವಾಗ ಭಯ ಆಗುತ್ತದೆ. ಟ್ಯಾಂಕ್ ಏಳೂವರೆ ಲೀಟರ್ ಅಷ್ಟೇ, ಬಂಕ್ ದೂರ ಇರುವ ಕಡೆ ಯೋಚಿಸಬೇಕು. ಕೆಟಿಎಂ 390 ಎಂಡ್ಯೂರೊ ಆರ್, ತಮ್ಮ ಕೆಂಪು ಗುರುತು ಹಾಕಿದ್ದು ಇದಕ್ಕೇ. 46 ಪಿಎಸ್, 177 ಕೆಜಿ, ಟನ್ನಿಗೆ 260. ಅದ್ಭುತ ಎಂಜಿನ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಒದ್ದೆ ಜಂಬಿಟ್ಟಿಗೆ ಮಣ್ಣಿನ ಮೇಲೆ ಅಷ್ಟು ಶಕ್ತಿಯನ್ನು ಹಿಡಿತದಲ್ಲಿ ಇಟ್ಟುಕೊಳ್ಳೋಕೆ ಪಳಗಿದ ಕೈ ಬೇಕು, ಅವನು ಇನ್ನೂ ಮಣ್ಣಲ್ಲಿ ಓಡಿಸೋದನ್ನು ಕಲಿಯುತ್ತಿದ್ದಾನೆ. ಹೊಸ ಹಿಮಾಲಯನ್ 450: 40 ಪಿಎಸ್, 40 ಎನ್‌ಎಂ, 196 ಕೆಜಿ. ದೂರ ಪ್ರಯಾಣಕ್ಕೆ ನನ್ನ ಓಟು ಇದಕ್ಕೇ. 2025ರಲ್ಲಿ ಬಂದ ಎಕ್ಸ್‌ಪಲ್ಸ್ 210 ನಡುವೆ ನಿಲ್ಲುತ್ತದೆ: 24.6 ಪಿಎಸ್, 168 ಕೆಜಿ, ಟನ್ನಿಗೆ 146. ಅಂದರೆ ಹಳೇ ಹಿಮಾಲಯನ್‌ಗಿಂತ 31 ಕೆಜಿ ಕಮ್ಮಿ, ಪವರ್ ಮಾತ್ರ ಹೆಚ್ಚೂಕಮ್ಮಿ ಅಷ್ಟೇ. ಇಂಥ ಬೈಕ್ ನಮ್ಮಲ್ಲೇ ತಯಾರಾಗುತ್ತಿರೋದು ನನಗೆ ತುಂಬಾ ಖುಷಿ.

ಪವರ್ ಬೇಕೇ ಬೇಕು ಅನ್ನುವ ಜಾಗಗಳೂ ಇವೆ. ಲಡಾಖ್ ಅದಕ್ಕೆ ದೊಡ್ಡ ಉದಾಹರಣೆ. ಖರ್ದುಂಗ್ ಲಾ 5,300 ಮೀಟರ್ ದಾಟುತ್ತದೆ, ಅಲ್ಲಿ ಗಾಳಿ ತೆಳು, ಎಂಜಿನ್ ಹೆಚ್ಚೂಕಮ್ಮಿ 40 ಪರ್ಸೆಂಟ್ ಶಕ್ತಿ ಕಳಕೊಳ್ಳುತ್ತದೆ. 19 ಪಿಎಸ್ ಬೈಕಲ್ಲಿ ಉಳಿಯೋದು 11ರ ಆಸುಪಾಸು. ಇಬ್ಬರು ಕೂತು, ಬ್ಯಾಗ್ ಕಟ್ಟಿಕೊಂಡು ಹೋದರೆ ಪಾಪ ಬೈಕ್ ಏದುಸಿರು ಬಿಡುತ್ತದೆ. ಬೆಂಗಳೂರಿನಿಂದ ಹಾಸನಕ್ಕೆ ಹೈವೇಲಿ ಹೋಗುವಾಗಲೂ ಹಾಗೇ, 200 ಸಿಸಿ ಬೈಕಲ್ಲಿ 85, 90 ದಾಟಿದ ಮೇಲೆ ಓವರ್‌ಟೇಕ್ ಮಾಡೋಕೆ ದೂರದಿಂದಲೇ ಯೋಚಿಸಬೇಕು. ದೊಡ್ಡ ಎಂಜಿನ್ ಇದ್ದರೆ ಅದು ಸುರಕ್ಷತೆಯೂ ಹೌದು. ನನ್ನ ಓಡಾಟದಲ್ಲಿ ಅದು ಕಮ್ಮಿ, ಹಾಗಾಗಿ ನನ್ನ ಆಯ್ಕೆ ಬೇರೆ.

ಇನ್ನೊಂದು ವಿಷಯ, ಇದನ್ನು ಓದಿದಾಗ ನನಗೆ ಆಶ್ಚರ್ಯ ಆಗಿತ್ತು. ಮೊದಲ ಪ್ಯಾರಿಸ್ ಡಕಾರ್ ರ‍್ಯಾಲಿ 1978ರ ಡಿಸೆಂಬರಲ್ಲಿ ಶುರುವಾಗಿ 1979ರ ಜನವರಿಯಲ್ಲಿ ಮುಗಿಯಿತು. ಅದನ್ನು ಗೆದ್ದ ಸಿರಿಲ್ ನೆವೆ ಓಡಿಸಿದ್ದು ಯಮಹಾ ಎಕ್ಸ್‌ಟಿ 500, ಸಿಂಗಲ್ ಸಿಲಿಂಡರ್. ನಡುವೆ ಭಾರೀ ಟ್ವಿನ್ ಸಿಲಿಂಡರ್ ಬೈಕುಗಳು ಮರುಭೂಮಿ ಆಳಿದವು. ಆಮೇಲೆ 2011ರಿಂದ ಎಲ್ಲ ಬೈಕೂ 450 ಸಿಸಿ ಒಳಗೇ ಇರಬೇಕು ಅಂತ ನಿಯಮ ಬಂತು, ಮತ್ತೆ ಸಿಂಗಲ್‌ಗಳದ್ದೇ ಕಾಲ ಆಯ್ತು. ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ಓಡಿದ ಮೊದಲ ಭಾರತೀಯರಾದರು, ಉಡುಪಿಯ ಅರವಿಂದ್ ಕೆ.ಪಿ. ಕೂಡ 2019ರಲ್ಲಿ ಅದನ್ನು ಪೂರ್ತಿ ಮಾಡಿದರು. ಇಬ್ಬರೂ ಹೋಗಿದ್ದು 450ರಲ್ಲೇ. ಸಾವಿರಾರು ಕಿಲೋಮೀಟರ್ ಮರಳು, ಕಲ್ಲು ದಾಟೋಕೆ ಒಂದು ಸಿಲಿಂಡರ್ ಸಾಕಾಗಿದೆ.

ಬೈಕ್ ನೋಡೋಕೆ ಹೋದಾಗ ಶೋರೂಮಿನವರು ನಮ್ಮನ್ನು ನೇರ ಟೆಸ್ಟ್ ರೈಡಿಗೆ ಕಳಿಸುತ್ತಾರೆ. ಚೊಕ್ಕ ಟಾರು ರಸ್ತೆ, ಎರಡು ಕಿಲೋಮೀಟರ್. ಅದರಲ್ಲಿ ಪವರ್ ಮಾತ್ರ ಗೊತ್ತಾಗುತ್ತದೆ. ಅದಕ್ಕೂ ಮೊದಲು ಬೈಕಿನಿಂದ ಇಳಿದು ಹಿಂದಕ್ಕೆ ತಳ್ಳಿ ನೋಡಿ. ಯು ಟರ್ನ್ ಮಾಡಿ, ಎಂಜಿನ್ ಆಫ್ ಇಟ್ಟು. ಕೂತುಕೊಂಡು ಒಂದು ಕಾಲಿನ ಮೇಲೆ ವಾಲಿಸಿ, ಎಷ್ಟು ಡಿಗ್ರಿವರೆಗೆ ಹಿಡಿದುಕೊಳ್ಳೋಕಾಗುತ್ತೆ ನೋಡಿ. ನಾನು ಒಂದು ಶೋರೂಮಲ್ಲಿ ಹೀಗೆ ಮಾಡೋಕೆ ಹೋದಾಗ ಅಲ್ಲಿನ ಹುಡುಗ ಗಾಬರಿಯಾಗಿ ಓಡಿ ಬಂದ. ಕಾರಣ ಹೇಳಿದ ಮೇಲೆ ಪಕ್ಕದಲ್ಲೇ ನಿಂತು ಹಿಡಿದುಕೊಂಡ.

ತಮ್ಮ ಈ ಭಾನುವಾರ ಬರ್ತಿದ್ದಾನೆ. ನನ್ನ ಬೈಕಿನ ಟ್ಯಾಂಕ್ ತುಂಬಿಸಿ ಇಟ್ಟಿದ್ದೇನೆ. ಮನೆ ಹಿಂದಿನ ಹುಲ್ಲಲ್ಲಿ ಬಲಕ್ಕೆ ಮಲಗಿಸಿ ಅವನ ಕೈಲೇ ಎತ್ತಿಸುತ್ತೇನೆ: ಮೊದಲು ಎಂಜಿನ್ ಆಫ್, ಗೇರಿಗೆ ಹಾಕು, ಸೈಡ್ ಸ್ಟ್ಯಾಂಡ್ ಹೊರಗೆ ತೆಗೆ, ಆ ಕಡೆ ವಾಲಿದರೆ ಅದು ಹಿಡಿಯುತ್ತೆ, ಆಮೇಲೆ ಸೀಟಿಗೆ ಬೆನ್ನು ಕೊಟ್ಟು ಕಾಲಿನ ಬಲದಲ್ಲಿ ಹಿಂದಕ್ಕೆ ಹೆಜ್ಜೆ ಇಡು. ಸೊಂಟದಿಂದ ಎತ್ತೋದು ಬೇಡ. ಮಧ್ಯಾಹ್ನ ಸ್ನೇಹಿತನ ಭಾರದ ಬೈಕೂ ಬರುತ್ತದೆ, ಅದನ್ನೂ ಎತ್ತಲಿ. ಕೆಂಪು ಗುರುತು ಎಲ್ಲಿ ಹಾಕಬೇಕು ಅಂತ ಆಮೇಲೆ ಅವನೇ ತೀರ್ಮಾನ ಮಾಡಲಿ.